ಹುಳುವಿನ ಡಬ್ಬಿಯಲ್ಲಿ ನನ್ನ ಹಾರ್ಮೋನು

ಇಪ್ಪತ್ತಾರು ವರ್ಷದಿಂದ ನಾನು ಹೈಸ್ಕೂಲು ಮಕ್ಕಳಿಗೆ ಹಾರ್ಮೋನುಗಳ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಮನುಷ್ಯನ ಆಕೃತಿ ಬರೆದು, ಕತ್ತಿನ ಹತ್ತಿರ ಒಂದು ಬಾಣ, ಹೊಟ್ಟೆಯ ಹತ್ತಿರ ಒಂದು ಬಾಣ ಹಾಕಿ, ಅಂಡಾಶಯದ ಬಾಣ ಬಂದಾಗ ಮಾತ್ರ ದನಿ ತಗ್ಗಿಸಿ, "ಈಸ್ಟ್ರೋಜೆನ್ ಅಂತ ಬರ್ಕೊಳ್ಳಿ, ಎರಡು ಅಂಕಕ್ಕೆ ಬರುತ್ತೆ" ಎಂದು ಮುಂದಿನ ಪಾಠಕ್ಕೆ ಓಡುತ್ತಿದ್ದೆ. ಆ ಎರಡು ಅಂಕದ ಪದಾರ್ಥ ಐವತ್ತೊಂದನೇ ವಯಸ್ಸಿನಲ್ಲಿ ನನ್ನನ್ನು ಬಿಟ್ಟು ಹೋದಾಗ ನನ್ನ ಗತಿ ಏನಾಗುತ್ತದೆ ಎಂದು ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೂ ನಾಚಿಕೆಯಿಂದ ನಾನು ಆ ಸಾಲನ್ನು ಬಿಟ್ಟೇ ಪಾಠ ಮಾಡುತ್ತಿದ್ದೆ, ಅದು ಬೇರೆ ವಿಷಯ.

ಮೊದಲು ಬಂದದ್ದು ಬಿಸಿ. ಹಾಜರಿ ಕೂಗುವಾಗ, ಶಿಡ್ಲಘಟ್ಟದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಎದೆಯಿಂದ ಹೊರಟು ಕಿವಿಯವರೆಗೆ ಏರಿ, ಒಲೆಯ ಮುಂದೆ ಕೂರಿಸಿದ ಹಾಗೆ ಬೇಯಿಸಿ, ಬೆವರಿನಲ್ಲಿ ಅದ್ದಿ, ಆಮೇಲೆ ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ಹೊರಟುಹೋಗುತ್ತಿತ್ತು. ನಿದ್ದೆ ಹೋಯಿತು. ಅದರ ಹಿಂದೆಯೇ ತಾಳ್ಮೆಯೂ ಹೋಯಿತು. ಚಟ್ನಿಗೆ ಉಪ್ಪು ಜಾಸ್ತಿ ಎಂದು ನಮ್ಮ ಯಜಮಾನರು ಹೇಳಿದ್ದಕ್ಕೆ ಅತ್ತಿದ್ದೇನೆ, ಮಾರನೆಯ ದಿನ ಸರಿಯಾಗಿದೆ ಎಂದಿದ್ದಕ್ಕೂ ಅತ್ತಿದ್ದೇನೆ. ಸಲಹೆಗಳಿಗೇನೂ ಬರವಿರಲಿಲ್ಲ. ಎಳ್ಳುಂಡೆ ತಿನ್ನಿ ಎಂದರು, ದಾಸವಾಳದ ಕಷಾಯ ಕುಡಿಯಿರಿ ಎಂದರು, ಕಣ್ಣು ಮುಚ್ಚಿ ಉಸಿರು ಎಣಿಸಿ ಎಂದರು. ನಮ್ಮ ಹೆಡ್‌ಮಾಸ್ಟರು, ಪಾಪ ಒಳ್ಳೆಯವರೇ, "ಎಲ್ಲಾ ಹೆಂಗಸ್ರಿಗೂ ಆಗೋದೇ ಬಿಡಿ ಮೇಡಂ" ಎಂದರು. ಎಲ್ಲರಿಗೂ ಆಗುತ್ತದೆ ಎಂದ ಮಾತ್ರಕ್ಕೆ ನನಗೆ ಆಗುವುದು ಕಡಿಮೆಯಾಗುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಿದರೆ ಅಲ್ಲೂ ಅಳು ಬರುತ್ತಿತ್ತು, ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದೆ.

ಇನ್ನು ಮನೆಯ ವಿಷಯ. ನಮ್ಮದು ಜಂಗಮಕೋಟೆ ಕಡೆಯ ರೇಷ್ಮೆ ಸಾಕುವ ಮನೆ. ಹಿತ್ತಲಲ್ಲಿ ಹುಳುವಿನ ಮನೆ ಎಂದು ಬೇರೆಯೇ ಒಂದು ಉದ್ದನೆಯ ಕಟ್ಟಡವಿದೆ, ಅದಕ್ಕೆ ನಾವು ವಾಸ ಮಾಡುವ ಮನೆಗಿಂತ ಮರ್ಯಾದೆ ಹೆಚ್ಚು. ಅಲ್ಲಿ ಗೋಡೆಯ ಮೇಲೆ ಉಷ್ಣಮಾಪಕ ತೂಗುಹಾಕಿದೆ. ಬೇಸಿಗೆಯಲ್ಲಿ ಅದು ಎರಡು ಡಿಗ್ರಿ ಮೇಲೆ ಹೋಯಿತೆಂದರೆ ಸಾಕು, ಯಜಮಾನರು ಒಂದು ಕಡೆಯಿಂದ, ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆ ಮುನಿಯಮ್ಮನವರು ಇನ್ನೊಂದು ಕಡೆಯಿಂದ ನೀರಿನಲ್ಲಿ ಅದ್ದಿದ ಗೋಣಿತಾಟು ಹಿಡಿದು ಓಡಿಬಂದು ಕಿಟಕಿಗೆಲ್ಲ ಕಟ್ಟುತ್ತಾರೆ. ಹುಳುಗಳಿಗೆ ಸೆಕೆಯಾಗಬಾರದು. ಪಕ್ಕದಲ್ಲೇ ನಾನು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಕೆಂಡವಾಗಿ ನಿಂತಿದ್ದರೆ, "ಅತ್ಲಾಗೆ ನಿಂತ್ಕೊಳಮ್ಮ, ಬೆವರು ಸೊಪ್ಪಿನ ಮೇಲೆ ಬೀಳ್ತದೆ" ಎನ್ನುತ್ತಿದ್ದರು ಅತ್ತೆ. ಹುಳುವಾಗಿ ಹುಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಇದಕ್ಕಿಂತ ದೊಡ್ಡ ಅನ್ಯಾಯ ಒಂದಿದೆ. ಹುಳುವಿನ ಮನೆಗೆ ಮುಟ್ಟಾದವರು ಹೋಗಬಾರದು ಎಂಬುದು ನಮ್ಮ ಅತ್ತೆಯ ಕಟ್ಟುನಿಟ್ಟು. ಅದರ ಹಿಂದೆ ಯಾವ ವಿಜ್ಞಾನವೂ ಇಲ್ಲವೆಂದು ನನಗೆ ಗೊತ್ತು. ಆದರೆ ಮದುವೆಯಾದಾಗಿನಿಂದ ಒಂದು ದಿನವೂ ನಾನು ಅದನ್ನು ವಿರೋಧಿಸಿದವಳಲ್ಲ. ತಿಂಗಳಿಗೆ ಮೂರು ದಿನ ಸೊಪ್ಪು ಕತ್ತರಿಸುವಂತಿಲ್ಲ, ಹಿಕ್ಕೆ ತೆಗೆಯುವಂತಿಲ್ಲ, ಜಗಲಿಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದಬಹುದು. ಇಂಥ ರಜೆಯನ್ನು ವಿಜ್ಞಾನದ ಹೆಸರಿನಲ್ಲಿ ಕಳೆದುಕೊಳ್ಳುವಷ್ಟು ಪ್ರಾಮಾಣಿಕಳು ನಾನಲ್ಲ. ಮುಟ್ಟು ನಿಂತು ವರ್ಷವಾಯಿತೆಂದು ತಿಳಿದ ದಿನ ಅತ್ತೆ ನನ್ನ ಬೆನ್ನು ಸವರಿ, "ಒಳ್ಳೇದಾಯ್ತು ಬಿಡಮ್ಮ, ಇನ್ನು ನಿಂಗೆ ಯಾವ ಅಡ್ಡೀನೂ ಇಲ್ಲ" ಎಂದರು. ನಾನೇನೋ ಸಮಾಧಾನ ಹೇಳುತ್ತಿದ್ದಾರೆಂದುಕೊಂಡೆ. ಅವರು ಹೇಳಿದ್ದು ತಿಂಗಳ ಮೂವತ್ತೂ ದಿನದ ಡ್ಯೂಟಿಯ ವಿಷಯ.

ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟಕ್ಕೇ ನನಗೆ ಅರ್ಧ ವಾಸಿಯಾದಂತಾಯಿತು. ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ ಎಂದು ಕೇಳಿದರು, ಬಿ.ಪಿ. ನೋಡಿದರು, ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. "ಇದು ಎಲ್ಲರಿಗೂ ಆಗಿಬರಲ್ಲ, ನಿಮಗೆ ತೊಂದರೆ ಕಾಣ್ತಿಲ್ಲ, ವರ್ಷಕ್ಕೊಂದ್ಸಲ ಬಂದು ತೋರಿಸ್ಕೊಂಡು ಹೋಗಿ" ಎಂದು ದಿನಕ್ಕೊಮ್ಮೆ ತೋಳಿಗೆ ಹಚ್ಚುವ ಹಾರ್ಮೋನ್ ಜೆಲ್ಲಿನ ಟ್ಯೂಬು, ಜೊತೆಗೆ ಮಲಗುವಾಗ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು. ಮೂರು ವಾರಕ್ಕೆ ಬಿಸಿ ಇಳಿಯಿತು. ಒಂದು ದಿನ ಎಚ್ಚರವಾದಾಗ ಬೆಳಕು ಹರಿದಿತ್ತು. ಮಧ್ಯೆ ಒಂದು ಸಲವೂ ಎದ್ದಿಲ್ಲವೆಂದು ತಿಳಿದು ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟೆ, ಈ ಸಲ ಸಂತೋಷಕ್ಕೆ.

ಆದರೆ ನಮ್ಮ ಮನೆಯಲ್ಲಿ ಹಾರ್ಮೋನು ಎಂಬ ಮಾತು ಮೊದಲೇ ಬಳಕೆಯಲ್ಲಿತ್ತು. ಸಾಕಿದ ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಬಂದಾಗ ಎಲ್ಲವೂ ಒಟ್ಟಿಗೆ ಹಣ್ಣಾಗಲಿ ಎಂದು ಸೊಪ್ಪಿನ ಮೇಲೆ ಒಂದು ಔಷಧಿ ಚಿಮುಕಿಸುತ್ತಾರೆ. ಅದನ್ನು ಊರವರೆಲ್ಲ ಹಾರ್ಮೋನು ಎಂದೇ ಕರೆಯುವುದು. ಅತ್ತೆ ನನ್ನ ಟ್ಯೂಬನ್ನು ದೂರದಿಂದ ಮೂಸಿ ನೋಡಿ, "ಹುಳ ಹಣ್ಣಾಗಕ್ಕೆ ಹಾಕೋದಲ್ವೇನಮ್ಮ ಅದು? ನೀನ್ಯಾಕೆ ಹಚ್ಕೋತೀಯ, ಗೂಡು ಕಟ್ಟಬೇಕಾ?" ಎಂದರು. ಇದು ಹೆಂಗಸರದು, ಅದು ಹುಳುವಿನದು, ಎರಡೂ ಬೇರೆ ಎಂದು ವಿವರಿಸಿದೆ. ಪಾಠ ಅವರ ತಲೆಗೆ ಹತ್ತಲಿಲ್ಲ. ಚಿಂತಾಮಣಿ ಕಡೆಯ ತೆಲುಗು ಮನೆಯ ಮಗಳು ಅವರು, ಸಂಕಟ ಬಂದಾಗ ತೌರಿನ ಮಾತಿಗೆ ಹೋಗಿಬಿಡುತ್ತಾರೆ. "ಅಯ್ಯೋ ದೇವುಡಾ" ಎಂದು ನಿಟ್ಟುಸಿರು ಬಿಟ್ಟು, "ಅದನ್ನ ಹಚ್ಕೊಂಡ ಕೈಯಲ್ಲಿ ಹುಳದ ಮನೆ ಬಾಗಿಲು ಮುಟ್ಟಬೇಡ" ಎಂದು ಆಜ್ಞೆ ಮಾಡಿದರು. ಅವರನ್ನು ಪೂರ್ತಿ ತಪ್ಪೆನ್ನುವಂತಿಲ್ಲ. ಮುಖಕ್ಕೆ ಪೌಡರ್ ಹಾಕಿಕೊಂಡವರನ್ನೂ ಹುಳುವಿನ ಮನೆಯೊಳಗೆ ಬಿಡದವರು ಅವರು.

ಆಜ್ಞೆ ಕೇಳಿ ನಾನು ಮುಖ ಸಪ್ಪಗೆ ಮಾಡಿಕೊಂಡೆ. ಒಳಗೆ ಹಬ್ಬ. ಬೆಳಗ್ಗೆ ಸ್ನಾನ ಮಾಡಿ ತೋಳಿಗೆ ಜೆಲ್ ಹಚ್ಚಿಕೊಂಡರೆ ಮುಗಿಯಿತು, ಇಡೀ ದಿನ ರಜೆ. ಮೂರು ದಿನ ಹೋಗಿ ಮೂವತ್ತು ದಿನ ಬಂತು. ಜೆಲ್ಲಿನ ಜೊತೆ ಬಂದ ಚೀಟಿಯನ್ನು ನಾನು ಓದಿದ್ದೆ. ದಿನದ ಯಾವ ಹೊತ್ತಿನಲ್ಲಾದರೂ ಹಚ್ಚಬಹುದು, ಪ್ರತಿದಿನ ಅದೇ ಹೊತ್ತಿಗೆ ಹಚ್ಚಿದರಾಯಿತು ಎಂದು ಅದರಲ್ಲಿ ಬರೆದಿತ್ತು. ಈ ಸಂಗತಿಯನ್ನು ಮನೆಯಲ್ಲಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಎಡವಿದ್ದು ಇಲ್ಲಿ. ನಮ್ಮ ಮನೆಗೆ ಬರುವ ನೆಂಟರು ಅಲಮಾರಿಯಲ್ಲಿರುವ ಔಷಧಿಯನ್ನೆಲ್ಲ ಎತ್ತಿ ನೋಡಿ ಇದು ಯಾವುದಕ್ಕೆ, ಯಾರಿಗೆ, ಎಷ್ಟು ದಿನದಿಂದ ಎಂದು ವಿಚಾರಿಸುವ ಪೈಕಿ. ಅವರ ಮುಂದೆ ಮುಟ್ಟು ನಿಂತ ಕಥೆ ಹೇಳಲು ನನಗೆ ನಾಚಿಕೆ. ಯಾರೂ ಕೈಹಾಕದ ಜಾಗ ಯಾವುದೆಂದು ಯೋಚಿಸಿದೆ. ಹಿಂದಿನ ಬೆಳೆಯ ಹುಳುವಿನ ಹಾರ್ಮೋನಿನ ಖಾಲಿ ಡಬ್ಬಿ ಮನೆಯ ಹಿತ್ತಲ ಕಡೆಯ ಕಿಟಕಿಯ ಮೇಲಿತ್ತು. ಟ್ಯೂಬನ್ನು ಚೀಟಿಯ ಸಮೇತ ಅದರೊಳಗಿಟ್ಟು ಮುಚ್ಚಿದೆ. ಎಂಥ ಬುದ್ಧಿವಂತೆ ನಾನು ಎಂದು ನನಗೇ ಮೆಚ್ಚುಗೆಯಾಯಿತು.

ಏಪ್ರಿಲ್ಲಿನ ಒಂದು ಗುರುವಾರ ಶಾಲೆಯಿಂದ ಬಂದಾಗ ಯಜಮಾನರು ಕೈತೊಳೆಯುತ್ತಾ ಹುಮ್ಮಸ್ಸಿನಲ್ಲಿದ್ದರು. ಇನ್ನೂರು ಮೊಟ್ಟೆಯ ಬೆಳೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟಷ್ಟೂ ಮೊಟ್ಟೆ), ಹುಳು ಹಣ್ಣಾಗಲು ಶುರುವಾಗಿತ್ತು. "ಹೋದ ಬೆಳೆದು ಮಿಕ್ಕಿತ್ತು ಕಣೇ ಹಾರ್ಮೋನು, ಹೊಸದು ತರೋದು ತಪ್ತು. ಟ್ಯೂಬಲ್ಲಿ ಬಂದಿದ್ದು ನೆನಪೇ ಇರಲಿಲ್ಲ. ನೀರಲ್ಲಿ ಕರಗಕ್ಕೇ ಅರ್ಧ ಗಂಟೆ ಹಿಡೀತು" ಎಂದರು. ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಕಿಟಕಿಯ ಮೇಲೆ ಡಬ್ಬಿ ಬಾಯ್ತೆರೆದುಕೊಂಡಿತ್ತು. ಟ್ಯೂಬನ್ನು ಹಲ್ಲುಜ್ಜುವ ಪೇಸ್ಟಿನ ಹಾಗೆ ತಳದಿಂದ ಸುತ್ತಿ ಸುತ್ತಿ ಕೊನೆಯ ಹನಿಯವರೆಗೆ ಹಿಂಡಿದ್ದರು. ನನ್ನ ಒಂದು ತಿಂಗಳ ನೆಮ್ಮದಿಯನ್ನು ಹುಳುಗಳು ಒಂದೇ ಊಟಕ್ಕೆ ಮುಗಿಸಿದ್ದವು.

"ರೀ, ಓದೋಕೆ ಬರಲ್ವಾ ನಿಮಗೆ? ಟ್ಯೂಬಿನ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆ, ಒಳಗೆ ಚೀಟಿ ಇದೆ. ಪಿಯುಸಿ ಪಾಸ್ ಮಾಡಿದ್ದು ಯಾವ ಸುಖಕ್ಕೆ? ಜೀವನದಲ್ಲಿ ಒಂದು ಸಲನಾದ್ರೂ ಒಂದು ಚೀಟಿ ಪೂರ್ತಿ ಓದಿದೀರಾ?" ಎಂದು ಬೀದಿಗೆ ಕೇಳಿಸುವ ಹಾಗೆ ಕೂಗಿದೆ. "ಡಬ್ಬಿ ಮೇಲೆ ಓದಿದೆ ಕಣೇ, ಹುಳದ್ದು ಅಂತಾನೇ ಇತ್ತು" ಎಂದರು ಆ ಮನುಷ್ಯ. ಡಬ್ಬಿಯೊಳಗೆ ಅದನ್ನು ಇಟ್ಟವರು ಯಾರೆಂಬ ಪ್ರಶ್ನೆಯ ಹತ್ತಿರ ಮಾತು ಬರುತ್ತಿದೆ ಎನಿಸಿದಾಗಲೆಲ್ಲ ನಾನು ದನಿ ಇನ್ನಷ್ಟು ಏರಿಸಿದೆ. ಅತ್ತೆ ಕೂಗಲಿಲ್ಲ. ಹುಳುವಿನ ಮನೆಯ ಬಾಗಿಲಲ್ಲಿ ನಿಂತು, "ಒಂದು ಹುಳ ವಾಂತಿ ಮಾಡ್ಕೊಂಡ್ರೂ ಆ ಮುಲಾಮು ಇನ್ನು ಈ ಮನೆ ಹೊಸಿಲು ದಾಟಿ ಬರಬಾರದು" ಎಂದರು. ಅವರ ಮಾತು ಅಂದರೆ ಅದು ಮುಗಿದ ಮಾತು.

ಹಾಗಾಗಿ ನನ್ನ ನಿದ್ದೆ, ನನ್ನ ಕೆಲಸ, ನನ್ನ ಬುದ್ಧಿಯ ಸ್ತಿಮಿತ ಎಲ್ಲವೂ ಈಗ ಹುಳುಗಳ ಹೊಟ್ಟೆಯಲ್ಲಿತ್ತು. ಚಿಕ್ಕಬಳ್ಳಾಪುರದ ಔಷಧಿ ಅಂಗಡಿಗೆ ಫೋನು ಮಾಡಿದರೆ, ಜೆಲ್ ತರಿಸಿಕೊಡಬೇಕು, ಮುಂದಿನ ವಾರ ನೋಡಿ ಎಂದರು. ಹುಳುವಿನ ನಿಜವಾದ ಹಾರ್ಮೋನನ್ನಾದರೂ ತಂದು ಹಾಕೋಣವೆಂದು ಯಜಮಾನರು ಹೊರಟರೆ ಅತ್ತೆ ಬಿಡಲಿಲ್ಲ. "ಇನ್ನು ಯಾವುದೂ ಬೇಡ, ದೇವರು ಹೆಂಗೆ ಹಣ್ಣು ಮಾಡ್ತಾನೋ ಹಂಗೇ ಆಗ್ಲಿ." ಹುಳುಗಳು ಒಟ್ಟಿಗೆ ಹಣ್ಣಾಗದೆ ಇಷ್ಟಿಷ್ಟೇ ಹಣ್ಣಾಗತೊಡಗಿದವು. ಹಣ್ಣಾದವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮೂರು ದಿನದ ಕೆಲಸ. ಜೆಲ್ ಇಲ್ಲದ ಕೈಗೆ ಅಡ್ಡಿಯಿಲ್ಲವಲ್ಲ, ನಾನೂ ಹಾಜರಾದೆ. ಒಂದೊಂದು ಹುಳುವನ್ನೂ ಎತ್ತಿ ಮುಖ ನೋಡುತ್ತಿದ್ದೆ. ಹುಷಾರಾಗಿದ್ದೀಯೇನಪ್ಪ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಬಂತು ನೋಡಿ ಹಳೆಯ ಬಿಸಿ. ಜೆಲ್ ಬಿಟ್ಟ ಮೂರೇ ದಿನಕ್ಕೆ ಬರುತ್ತದೋ, ಬರುತ್ತದೆಂಬ ಭಯಕ್ಕೇ ಬಂತೋ ತಿಳಿಯದು. ಕಿವಿ ಸುಡತೊಡಗಿತು, ಕೈಯಲ್ಲಿದ್ದ ಹುಳುವನ್ನು ಬಿಟ್ಟು ಕಿಟಕಿಯ ಹತ್ತಿರ ಹೋಗಿ ಒದ್ದೆ ಗೋಣಿತಾಟಿಗೆ ಕೆನ್ನೆ ಒತ್ತಿಕೊಂಡು ನಿಂತೆ. ಬೈಗುಳ ಬರುತ್ತದೆಂದು ಕಾದೆ. ಅತ್ತೆ ಬಂದು ಕಿಟಕಿಯ ಗೋಣಿತಾಟನ್ನು ಬಿಚ್ಚಿ, ಹಿಂಡಿ, ನನ್ನ ಕತ್ತಿನ ಸುತ್ತ ಹೊದಿಸಿದರು. ಉಷ್ಣಮಾಪಕದ ಕಡೆ ತಿರುಗಿಯೂ ನೋಡಲಿಲ್ಲ.

"ನಾನೂ ಹಿಂಗೇ ನಿಂತ್ಕೋತಿದ್ದೆ, ಇದೇ ಕಿಟಕೀಲಿ" ಎಂದರು. "ಐದು ವರ್ಷ ಕಣಮ್ಮ. ಮೈ ಉರೀತೈತೆ ಅಂತ ಯಾರಿಗೆ ಹೇಳಣ? ಮನೇಲಿ ತಣ್ಣಗಿರೋ ಜಾಗ ಅಂದ್ರೆ ಇದೊಂದೇ. ಹೊತ್ತು ಗೊತ್ತಿಲ್ದೆ ಇಲ್ಲೇ ಬಂದು ಕೂತಿರ್ತಿದ್ದೆ. ಊರೋರೆಲ್ಲಾ ಮುನಿಯಮ್ಮಂಗೆ ಹುಳದ ಮೇಲೆ ಎಷ್ಟು ಪ್ರಾಣ ಅಂತಿದ್ರು."

ಇಪ್ಪತ್ತಾರು ವರ್ಷ ಈ ಹೆಂಗಸಿಗೆ ಸೊಸೆಗಿಂತ ಹುಳು ಹೆಚ್ಚು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಅವರ ಐದು ವರ್ಷ ನನ್ನ ಕಣ್ಣ ಮುಂದೆಯೇ ಕಳೆದಿತ್ತು. ಆಗ ನಾನು ಹಾರ್ಮೋನಿನ ಪಾಠ ಮಾಡಿ ಮನೆಗೆ ಬಂದು, ಅತ್ತೆ ಸಿಡಿಮಿಡಿ ಎಂದು ತೌರಿಗೆ ಫೋನು ಮಾಡುತ್ತಿದ್ದೆ. ಗೋಣಿತಾಟು ಹೊದ್ದುಕೊಂಡೇ ಅವರ ಪಕ್ಕ ಹೋಗಿ ನಿಂತೆ. "ಅತ್ತೆ, ಆ ಡಬ್ಬಿಯೊಳಗೆ ಟ್ಯೂಬು ಇಟ್ಟಿದ್ದು ನಾನೇ. ಬಂದೋರು ನೋಡ್ತಾರೆ ಅಂತ" ಎಂದೆ. "ಇನ್ಯಾರು ಇಡ್ತಾರೆ?" ಎಂದರು ಅವರು, ಹಣ್ಣು ಹುಳು ಆರಿಸುತ್ತಲೇ.

ಹುಳುಗಳಿಗೆ ಏನೂ ಆಗಲಿಲ್ಲ. ಮೂರು ದಿನ ತಡವಾಗಿ, ತಮ್ಮ ಪಾಡಿಗೆ ತಾವು ಗಟ್ಟಿಯಾದ ಗೂಡು ಕಟ್ಟಿದವು. ಗೂಡು ಬಿಡಿಸಿದ ದಿನ ಅತ್ತೆ ಮಗನನ್ನು ಕರೆದು, "ಬುಳ್ಳಾಪುರಕ್ಕೋಗಿ ಇವಳ ಮುಲಾಮು ತಗೊಂಬಾ. ತಂದು ನನ್ನ ಬಿ.ಪಿ. ಮಾತ್ರೆ ಪಕ್ಕದಲ್ಲಿಡು, ಟಿ.ವಿ. ಹತ್ರ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ ಏನು ಅಂತ" ಎಂದರು. ಚಿಕ್ಕಬಳ್ಳಾಪುರವನ್ನು ಅವರು ಹಾಗೇ ಕರೆಯುವುದು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಗೆದ್ದೆ ಎಂದುಕೊಂಡೆ.

ಸಂಜೆ ಯಜಮಾನರು ಟ್ಯೂಬು ತಂದರು. ತಂದು ಟಿ.ವಿ. ಹತ್ತಿರ ಇಡಲಿಲ್ಲ. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಒಳಗಿನ ಚೀಟಿಯ ಮಡಿಕೆಯನ್ನು ಒಂದೊಂದಾಗಿ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಬಯ್ದಿದ್ದು ನಾಟಿದೆಯಲ್ಲ ಎಂದು ನನಗೆ ಹೆಮ್ಮೆಯಾಯಿತು, ಕಾಫಿಯನ್ನೂ ಮಾಡಿಕೊಟ್ಟೆ. ಮುಕ್ಕಾಲು ಗಂಟೆಯ ಮೇಲೆ ಅವರು ತಲೆಯೆತ್ತಿ, ಅಡಿಗೆಮನೆಯಲ್ಲಿದ್ದ ತಾಯಿಗೂ ಕೇಳಿಸುವ ಹಾಗೆ, "ಏನೇ, ಇದನ್ನ ಯಾವ ಹೊತ್ತಲ್ಲಾದ್ರೂ ಹಚ್ಕೋಬಹುದಂತೆ. ಬೆಳಗ್ಗೇನೇ ಅಂತ ಏನಿಲ್ವಲ್ಲೇ" ಎಂದರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನನ್ನನ್ನೊಮ್ಮೆ ನೋಡಿದರು. "ಹಂಗಾದ್ರೆ ಹುಳದ ಮನೆ ಕೆಲಸ ಮುಗಿಸಿ, ಮಲಗೋ ಮುಂದೆ ಹಚ್ಕೊಳಮ್ಮ" ಎಂದರು.

ಈಗ ನಾನು ಹಾಗೆಯೇ ಹಚ್ಚಿಕೊಳ್ಳುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ. ಬೆಳಗ್ಗೆ ಬೇಗ ಎದ್ದು ಸೊಪ್ಪು ಹಾಕಲು ಹೋಗಬೇಕಲ್ಲ.