ನನ್ನ ಯಜಮಾನರಿಗೆ ನೂರಕ್ಕೆ ಹನ್ನೊಂದು ಕೊಟ್ಟ ಯಂತ್ರ ಮಹಾಶಯರಿಗೆ

ಮಾನ್ಯ ಯಂತ್ರ ಮಹಾಶಯರೇ,

ಆಸ್ಪತ್ರೆಯ ಮೂರನೆಯ ಮಹಡಿಯ ತಂಪು ಕೋಣೆಯಲ್ಲಿ ಬೆವರದೆ, ಆಕಳಿಸದೆ, ಯಾರ ಮುಖವನ್ನೂ ನೋಡದೆ ಜನರ ಮುಂದಿನ ಗತಿ ಹೇಳುತ್ತಿರುವ ತಮಗೆ ಒಬ್ಬ ದರ್ಜಿಯ ಹೆಂಡತಿಯ ಸಾಷ್ಟಾಂಗ ನಮಸ್ಕಾರಗಳು. ಪಾರ್ಶ್ವವಾಯು ಬಡಿದ ಮೇಲೆ ಖಿನ್ನತೆಗೆ ಬಿದ್ದವರಲ್ಲಿ ಯಾರಿಗೆ ಮಾತಿನ ಚಿಕಿತ್ಸೆ ಹಿಡಿಸುತ್ತದೆ, ಯಾರಿಗೆ ಇಲ್ಲ ಎಂಬುದನ್ನು ತಾವು ಸಾವಿರಾರು ರೋಗಿಗಳ ಕಡತ ಓದಿ ಕಲಿತಿದ್ದೀರಂತೆ. ನನ್ನ ಯಜಮಾನರಿಗೆ ಗುಣವಾಗುವ ಸಾಧ್ಯತೆ ನೂರಕ್ಕೆ ಹನ್ನೊಂದು ಎಂದು ತಾವು ಅಪ್ಪಣೆ ಕೊಡಿಸಿದ್ದರಿಂದ, ಸೋಮವಾರದ ಆಪ್ತಸಲಹೆಯ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದ್ದಾರೆ. ಮೂರು ತಿಂಗಳಿಂದ ಗೋಡೆ ನೋಡುತ್ತಾ ಕುಳಿತ ಮನುಷ್ಯನಿಗೆ ಉಳಿದಿದ್ದ ದಾರಿ ಅದೊಂದೇ.

ತಮ್ಮ ಜಾಣ್ಮೆಯನ್ನು ಹೊಗಳಲೇಬೇಕು. ತಾವು ಓದಿದ ಇಪ್ಪತ್ತು ಪ್ರಶ್ನೆಗಳ ಫಾರಂ ತುಂಬಿದವನು ನನ್ನ ತಮ್ಮ. ಯಜಮಾನರ ಬಲಗೈ ಏಳುವುದಿಲ್ಲ, ನಾಲಿಗೆ ತೊದಲುತ್ತದೆ ಎಂದು ನರ್ಸಮ್ಮ ಪೆನ್ನನ್ನು ಅವನಿಗೆ ಕೊಟ್ಟರು. ಅವನೋ, ಪ್ರಶ್ನೆಗಳು ತನಗೇ ಎಂದು ತಿಳಿದು ಪ್ರಾಮಾಣಿಕವಾಗಿ ಗುರುತು ಹಾಕಿದ. ಹಸಿವಿಲ್ಲ, ನಿದ್ದೆಯಿಲ್ಲ, ಯಾರ ಮೇಲೂ ನಂಬಿಕೆಯಿಲ್ಲ, ಮಾತಾಡಿ ಪ್ರಯೋಜನವಿಲ್ಲ. ತನ್ನ ಮದುವೆಯಲ್ಲೂ ಹರಳೆಣ್ಣೆ ಕುಡಿದ ಮುಖ ಹೊತ್ತು ಕುಳಿತಿದ್ದವನ ಮನಸ್ಸನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರು ಈವರೆಗೆ ಯಾರೂ ಇಲ್ಲ. ಆದರೆ ನನ್ನ ಯಜಮಾನರು ನಲವತ್ತು ವರ್ಷದಲ್ಲಿ ಒಮ್ಮೆಯೂ ಭಾವಮೈದುನನ ಅಳತೆ ಹಿಡಿದು ಗಿರಾಕಿಯ ಅಂಗಿ ಕತ್ತರಿಸಿದವರಲ್ಲ.

ತಪ್ಪು ತಿದ್ದಿಸಲು ಹೋದರೆ, ತಮ್ಮ ಗುಮಾಸ್ತರು ತಾವು ನುಡಿದದ್ದು ಹತ್ತಕ್ಕೆ ಒಂಬತ್ತು ಸಲ ನಿಜವಾಗಿದೆ ಎಂದು ಎದೆಯುಬ್ಬಿಸಿದರು. ಆಗದೇನು? ಗುಣವಾಗುವುದಿಲ್ಲ ಎಂದವರಿಗೆ ಚಿಕಿತ್ಸೆಯನ್ನೇ ಕೊಡದಿದ್ದರೆ ಅವರು ಗುಣವಾಗುವುದಿಲ್ಲ. ಒಲೆ ಹಚ್ಚದೆ ನೀರು ಕಾಯದು ಎಂದು ಹೇಳಲು ನಮ್ಮಜ್ಜಿಗೆ ಇಷ್ಟೊಂದು ಕರೆಂಟು ಬೇಕಾಗಿರಲಿಲ್ಲ.

ಸುದ್ದಿ ತಿಳಿಸಿದಾಗ ಯಜಮಾನರು ಬಹಳ ಹೊತ್ತು ತುಟಿ ಆಡಿಸಿ, ಎರಡು ವಾರದಲ್ಲಿ ಮೊದಲ ಬಾರಿಗೆ ಮಾತಾಡಿದರು: “ನನ್ನನ್ನ ಯಾರು ಕೇಳಿದ್ರು?”

ಆದ್ದರಿಂದ ತಾವೇ ನಮ್ಮ ಮನೆಗೆ ದಯಮಾಡಿಸಿ, ಮೆಟ್ಟಿಲು ಹತ್ತಿ ಬಂದು, ಅವರೆದುರು ಒಂದು ಬೆಳಗು ಸುಮ್ಮನೆ ಕೂರಬೇಕೆಂದು ಬಿನ್ನಹ. ಕಾಲಿಲ್ಲವೆಂಬ ನೆಪ ಬೇಡ. ಅವರಿಗೂ ನೆಟ್ಟಗಿರುವುದು ಒಂದೇ. ಬರಲಾಗದಿದ್ದರೆ ಅವರ ಹೆಸರನ್ನು ಪಟ್ಟಿಗೆ ಮರಳಿಸಿ, ಆ ಹನ್ನೊಂದನ್ನು ನನ್ನ ತಮ್ಮನಿಗೆ ದಯಪಾಲಿಸಿ.

ಇನ್ನೂ ಒಂದಿಷ್ಟು ತಾಳ್ಮೆ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ದರ್ಜಿಯ ಹೆಂಡತಿ

ತಾ.ಕ.: ಈ ಸೋಮವಾರ ಅವರು ಕೋಲೂರಿಕೊಂಡು ಹೋಗಿ ಸಲಹೆಗಾರ್ತಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತರು. ಆಕೆ ತನ್ನ ಊಟದ ಬಿಡುವಿನಲ್ಲಿ ಹೊರಬಂದು ಪಕ್ಕದಲ್ಲಿ ಕುಳಿತು ಮಾತಾಡಿಸಿದರು. ಇವರು ಬಿಕ್ಕಿ ಬಿಕ್ಕಿ ಅತ್ತರು, ಆಮೇಲೆ ಮನೆಗೆ ಬಂದು ಕತ್ತರಿ ಎಲ್ಲಿದೆ ಎಂದು ಕೇಳಿದರು. ಇದನ್ನು ದಯವಿಟ್ಟು ಕಡತಕ್ಕೆ ಸೇರಿಸಿಕೊಳ್ಳಬೇಡಿ. ಅವರು ಗುಣವಾಗಿಬಿಟ್ಟರೆ ತಮ್ಮ ಮರ್ಯಾದೆಯ ಪ್ರಶ್ನೆ.