ನಮ್ಮ ಬೀದಿಯ ಉಬ್ಬಿಗೆ, ಮೂರು ಚಕ್ರದವಳ ಬಿನ್ನಹ

ಮಾನ್ಯ ರಸ್ತೆ ಉಬ್ಬಿನವರೇ,

ನಾನು ಇಲ್ಲಿ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವುದು ವಾಡಿಕೆಯೇನೋ ಹೌದು. ಆದರೆ ದಿನವಿಡೀ ಲಾರಿಗಳು ಹರಿದರೂ ಚೂರೂ ಸವೆಯದ ತಮ್ಮ ಶರೀರವನ್ನು ನಮ್ಮ ಮುಂಕೋಣೆಯ ಕಿಟಕಿಯಿಂದ ಎರಡು ಹೊತ್ತೂ ನೋಡುತ್ತಿರುವವಳಾದ್ದರಿಂದ, ಆ ಪ್ರಶ್ನೆ ಕೇಳಿ ತಮ್ಮ ಸಮಯ ಹಾಳುಮಾಡುವುದಿಲ್ಲ. ಈ ಪತ್ರವನ್ನು ತಮ್ಮ ಪಕ್ಕದ ವಿದ್ಯುತ್ ಕಂಬಕ್ಕೆ ಅಂಟಿಸಿದ್ದೇನೆ. ತಮಗೆ ಓದು ಬಾರದಿದ್ದರೆ ಬೇಸರವಿಲ್ಲ. ತಮ್ಮ ದೆಸೆಯಿಂದ ಅಲ್ಲಿ ನಿಧಾನಿಸುವವರಿಗೆಲ್ಲ ಓದಲು ಬೇಕಾದಷ್ಟು ಬಿಡುವು ಸಿಗುತ್ತದೆ.

ನಾನು ತಮ್ಮ ಎದುರು ಮನೆಯ ಹಿರಿಯಳು. ಹೈಸ್ಕೂಲಿನವರೆಗೆ ಓದಿದ್ದೇನೆ, ಮೂವರು ಮಕ್ಕಳನ್ನು ಬೆಳೆಸಿದ್ದೇನೆ, ಹಿಂದಿನ ಬೀದಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಒಂದು ಕೋಣೆ ನಡೆಸುತ್ತೇನೆ. ಅಲ್ಲಿನ ಕತ್ತರಿ ಇವತ್ತಿಗೂ ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ. ಒಂಬತ್ತು ವರ್ಷಗಳ ಹಿಂದೆ ಮೆಟ್ಟಿಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಪಕ್ಕೆಲುಬಿನಿಂದ ಕೆಳಗೆ ಸ್ವಾಧೀನ ತಪ್ಪಿತು. ಮನೆಯೊಳಗೆ ಗಾಲಿಕುರ್ಚಿ, ಹೊರಗೆ ಮೂರು ಚಕ್ರದ ಮೋಟಾರುಬೈಕು: ಮುಂದೆ ಒಂದು ಚಕ್ರ, ಹಿಂದೆ ಎರಡು, ಗೇರು ಬ್ರೇಕು ಎಲ್ಲ ಕೈಯಲ್ಲೇ.

ಈ ಗಾಡಿಯ ಗುಣವನ್ನು ತಮಗೆ ವಿವರಿಸಲೇಬೇಕು. ಎರಡು ಚಕ್ರದ್ದರ ಹಾಗೆ ಅದು ತಿರುವಿನಲ್ಲಿ ವಾಲುವುದಿಲ್ಲ, ನಿಂತಲ್ಲಿ ಬೀಳುವುದೂ ಇಲ್ಲ. ಬೀಳುವ ಪದಾರ್ಥ ಏನಿದ್ದರೂ ಅದರ ಮೇಲೆ ಕುಳಿತವಳು. ಸೊಂಟ ಗಟ್ಟಿ ಇದ್ದವರು ಗಾಡಿ ಅಲುಗಿದಾಗ ತಮಗೇ ತಿಳಿಯದ ಹಾಗೆ ಮೈಯನ್ನು ಸರಿಪಡಿಸಿಕೊಳ್ಳುತ್ತಾರೆ. ನಾನು ಆ ಕೆಲಸವನ್ನು ಕೈ ಮತ್ತು ಭುಜಗಳಿಂದ ಮಾಡಬೇಕು, ಅವೇ ಕೈಗಳು ಗೇರನ್ನೂ ನೋಡಿಕೊಳ್ಳಬೇಕು. ಕಾಲುಗಳಂತೂ ಜಾರಿ ಹೊರಗೆ ನೇತಾಡಿದರೂ ನನಗೊಂದು ಮಾತು ತಿಳಿಸುವ ಸೌಜನ್ಯವಿಲ್ಲದವು; ಅವನ್ನು ಪಟ್ಟಿ ಹಾಕಿ ಕಟ್ಟಿ ಕೂರಿಸುತ್ತೇನೆ. ಇಷ್ಟೆಲ್ಲ ಏರ್ಪಾಡಿನಲ್ಲಿ ಮೂರು ವರ್ಷ ಯಾರ ಹಂಗೂ ಇಲ್ಲದೆ ಓಡಾಡಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ತಾವು ಬೀದಿಗೆ ಅಡ್ಡವಾಗಿ ಮಲಗಿದ್ದಿರಿ. ತಮ್ಮ ಎತ್ತರ, ತಮ್ಮ ಹೊಟ್ಟೆ, ಯಾರಿಗೂ ಸರಿದು ಜಾಗ ಕೊಡದ ತಮ್ಮ ಸ್ವಭಾವ, ಎಲ್ಲವೂ ನನಗೆ ಹಿಡಿಸಿದವು; ನಮ್ಮ ವಂಶದವರೇ ಇರಬಹುದೇ ಎಂದುಕೊಂಡೆ. ಒಂದೇ ಕೊರತೆ. ಟಾರು ಮುಗಿಯಿತೋ, ಕೆಲಸದವರಿಗೆ ಊಟದ ಹೊತ್ತಾಯಿತೋ, ಚರಂಡಿಯ ಕಡೆ ಎರಡು ಮೊಳ ಬಾಕಿ ಇರುವಾಗಲೇ ತಾವು ಮುಗಿದುಹೋದಿರಿ. ಆ ಸಂದಿಯಲ್ಲಿ ಎರಡು ಚಕ್ರದವರೆಲ್ಲ ನುಸುಳತೊಡಗಿದರು. ನುಸುಳುವವರು ಸುಮ್ಮನಿರುವುದಿಲ್ಲವಲ್ಲ, ನನಗೂ ಬುದ್ಧಿ ಹೇಳಿದರು. ನನ್ನ ದೊಡ್ಡ ಮಗನೇ ಹೇಳಿದ, "ಅಮ್ಮಾ, ಸಂದೀಲಿ ತಗೊಂಡು ಹೋಗು. ಮೈ ಕುಲುಕಲ್ಲ." ಅವನು ದಿನವೂ ಅಲ್ಲೇ ಹೋಗುವವನು. ಎರಡು ಚಕ್ರದವನು ಮೂರು ಚಕ್ರದವಳಿಗೆ ದಾರಿ ತೋರಿಸಿದ, ನಾನು ಕೇಳಿದೆ.

ಆಮೇಲೆ ಆದದ್ದು ತಮ್ಮ ಕಣ್ಣೆದುರೇ ಆಯಿತು. ನನ್ನ ಎಡಗಡೆಯ ಹಿಂಚಕ್ರ ಸಂದಿಯಲ್ಲಿ ಇಳಿಯಿತು, ಬಲಗಡೆಯದು ತಮ್ಮ ಹೊಟ್ಟೆಯ ಮೇಲೆ ಏರಿತು. ಗಾಡಿ ಒಂದು ಪಕ್ಕಕ್ಕೆ ಓರೆಯಾಯಿತು, ಕಾಲಿನ ಪಟ್ಟಿ ಕಿತ್ತುಬಂದು ನಾನು ಅದರಿಂದ ಮರದ ಹಲಗೆಯ ಮೇಲಿನ ಹಿಟ್ಟಿನ ಹಾಗೆ ಜಾರಿದೆ. ಪುಣ್ಯಕ್ಕೆ ಸಮವಸ್ತ್ರದ ಗಂಟು ನನಗಿಂತ ಮೊದಲೇ ಬಿದ್ದಿತ್ತು, ನಾನು ಅದರ ಮೇಲೆ ಕುಳಿತೆ. ಗಾಡಿ ಮಾತ್ರ ಏನೂ ಆಗದವರ ಹಾಗೆ ಎಂಜಿನ್ ಗುಡುಗುಡಿಸುತ್ತ ನಿಂತಿತ್ತು. ಬೀದಿಯವರೆಲ್ಲ ಸೇರಿ ಎತ್ತಿದರು. ಎಲ್ಲರ ಬಾಯಲ್ಲೂ "ಪಾಪ, ಪಾಪ". ಮೂಲೆ ಅಂಗಡಿಯ ಹುಡುಗನಂತೂ, "ಕಾಲು ಊರ್ಬೇಕಿತ್ತು ಅಜ್ಜಿ" ಎಂದ. ಊರುವ ಕಾಲಿದ್ದಿದ್ದರೆ ಮೂರನೇ ಚಕ್ರಕ್ಕೆ ಯಾಕಪ್ಪಾ ಕಾಸು ಕೊಡ್ತಿದ್ದೆ ಎಂದು ಕೇಳಿದೆ. ಅವನು ಇನ್ನೂ ಯೋಚಿಸುತ್ತಿದ್ದಾನೆ.

ನನ್ನ ದೂರು ಬೀಳಿಸಿದ್ದಕ್ಕಲ್ಲ. ಬೀಳುವುದು ನನಗೆ ಹೊಸದಲ್ಲ. ದೂರು ಏನೆಂದರೆ, ಅವತ್ತು ಸಂಜೆ ದೊಡ್ಡ ಮಗ ನನ್ನ ಗಾಡಿಯ ಕೀಲಿ ತೆಗೆದುಕೊಂಡು, ಬಾಗಿಲ ಪಕ್ಕದ ಗೋಡೆಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ನನ್ನ ಕೈಗೆ ಎಟುಕದ ಎತ್ತರದ ಮೊಳೆಗೆ ತೂಗುಹಾಕಿದ. "ಸಾಕಮ್ಮ, ಇನ್ನು ಬಟ್ಟೆನೆಲ್ಲ ಮನೆಗೇ ತಂದ್ಕೊಡ್ತೀನಿ. ಕೂತಲ್ಲೇ ಕತ್ತರಿಸು" ಎಂದ. ಪ್ರೀತಿಯಿಂದಲೇ ಹೇಳಿದ, ಅದೇ ಕಷ್ಟ, ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ಗಾಡಿ ನಿಂತರೆ ನನ್ನ ಕೋಣೆ ನಿಲ್ಲುತ್ತದೆ, ಕೋಣೆ ನಿಂತರೆ ನಾನು ಮನೆಯೊಳಗಿನ ಒಂದು ಸಾಮಾನಾಗುತ್ತೇನೆ ಎಂಬುದನ್ನು ಪ್ರೀತಿಯಿಂದ ನೋಡುವವರಿಗೆ ವಿವರಿಸುವುದು ಹೇಗೆ, ಮಾನ್ಯರೇ?

ನಾನು ಮನೆಯಲ್ಲಿ ಉಳಿದೆ. ಉಳಿದ ಮೇಲೆ ಮನೆಯ ಆಡಳಿತ ನೋಡಬೇಕಲ್ಲ. ಸೊಸೆ ಈರುಳ್ಳಿ ಹೆಚ್ಚುವ ಕ್ರಮ, ಬಟ್ಟೆ ಮಡಿಸುವ ಕ್ರಮ, ಪಾತ್ರೆಗೆ ಮುಚ್ಚಳ ಹಾಕುವ ಕ್ರಮ, ಒಂದನ್ನೂ ಬಿಡದೆ ತಿದ್ದಿದೆ. ಹೀಗೆ ಅಡುಗೆಮನೆಗೂ ನಡುಮನೆಗೂ ಓಡಾಡುವಾಗಲೇ ಒಂದು ಸಲ ಹೊಸ್ತಿಲ ಮುಂದೆ ತಟಕ್ಕನೆ ನಿಂತೆ. ಆ ಹೊಸ್ತಿಲು ತಮ್ಮ ಚಿಕ್ಕ ತಂಗಿಯ ಹಾಗಿದೆ. ಅದನ್ನು ನಾನು ಒಂಬತ್ತು ವರ್ಷದಿಂದ ದಾಟುತ್ತಿದ್ದೇನೆ, ಒಂದು ದಿನವೂ ಓರೆಯಾಗಿ ದಾಟಿಲ್ಲ. ಎದುರಿಗೆ ನೇರ ನಿಂತು, ಎರಡು ದೊಡ್ಡ ಚಕ್ರಗಳನ್ನೂ ಒಟ್ಟಿಗೆ ತಾಗಿಸಿ, ಒಟ್ಟಿಗೆ ಏರಿಸಿ, ಒಟ್ಟಿಗೆ ಇಳಿಸುತ್ತೇನೆ. ಮನೆಯೊಳಗೆ ಕೈಗೆ ಗೊತ್ತಿದ್ದ ವಿದ್ಯೆಯನ್ನು ಬೀದಿಗೆ ಬಂದ ಕೂಡಲೇ ಮರೆತು, ಸಂದಿಗೊಂದಿ ಹುಡುಕುವವರ ಮಾತು ಕೇಳಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬುದ್ಧಿ ಬಂತು, ಕೀಲಿ ಬರಲಿಲ್ಲ. ಕೇಳಿ ಇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಸುಮ್ಮನೆ ದಪ್ಪ ಕ್ಯಾನ್ವಾಸಿನಲ್ಲಿ ನನ್ನದೇ ಅಳತೆಗೆ ಎರಡು ಪಟ್ಟಿ ಹೊಲಿದುಕೊಂಡೆ, ಎದೆಗೊಂದು, ಸೊಂಟಕ್ಕೊಂದು, ಗಾಡಿಯ ಬೆನ್ನಾಸರೆಗೆ ಬಿಗಿಯಲು. ಅವನ್ನು ಸೊಸೆ ನೋಡಿದಳು. ಮಾರನೆಯ ಬೆಳಿಗ್ಗೆ ಕಾಫಿಯ ಲೋಟದ ವಿಷಯವಾಗಿ ಅವಳನ್ನು ತಿದ್ದಲು ಹೊರಟೆ. ಗೋಡೆ ನೋಡುತ್ತೇನೆ, ಮೊಳೆ ನನ್ನ ಭುಜದ ಮಟ್ಟಕ್ಕೆ ಇಳಿದಿದೆ, ಕೀಲಿ ಅದರಲ್ಲಿ ತೂಗುತ್ತಿದೆ. "ಮೇಲ್ಗಡೆ ಗಾರೆ ಉದುರ್ತಿತ್ತು ಅತ್ತೆ, ಅದಕ್ಕೇ ಕೆಳಗೆ ಹೊಡೆದೆ" ಎಂದಳು, ಮುಖ ತಿರುಗಿಸದೆ. ನಮ್ಮ ಮನೆಯ ಗಾರೆ ಉದುರುವಂಥದ್ದಲ್ಲ. ನಾನು ಇನ್ನೊಂದು ದಿನ ಮನೆಯಲ್ಲಿದ್ದರೆ ಉದುರುವುದು ಯಾವುದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬುದ್ಧಿವಂತೆ. ಇದನ್ನು ಅವಳ ಎದುರಿಗೆ ನಾನು ಹೇಳುವುದಿಲ್ಲ, ಕಂಬಕ್ಕೆ ಅಂಟಿಸಿ ಹೇಳುತ್ತಿದ್ದೇನೆ.

ಅವತ್ತು ನಾನು ತಮ್ಮೆದುರಿಗೆ ಬಂದದ್ದು ತಮಗೆ ನೆನಪಿರಬೇಕು. ಬೀದಿಯ ನಟ್ಟನಡುವೆ, ತಮಗೆ ನೇರವಾಗಿ, ತುಂಬಿದ ಕೊಡ ಹೊತ್ತವಳ ನಿಧಾನದಲ್ಲಿ ಬಂದೆ. ಹಿಂದೆ ಒಂದು ವ್ಯಾನು, ಅದರ ಹಿಂದೆ ಇನ್ನೆಷ್ಟೋ ಹಾರನ್ನುಗಳು, "ಅಮ್ಮಾ, ಸೈಡಿಗೆ ಹೋಗಿ ಸ್ವಲ್ಪ" ಎಂಬ ಕೂಗು. ತಿರುಗಿ ಉತ್ತರಿಸುವ ಆಸೆ ಬಹಳವಿತ್ತು. ಆದರೆ ನನ್ನ ಕುತ್ತಿಗೆ ತಿರುಗಿದರೆ ಮೈಯೂ ಅದರ ಹಿಂದೆಯೇ ಹೊರಟುಬಿಡುತ್ತದೆ. ಹಾಗಾಗಿ ಜೀವಮಾನದಲ್ಲಿ ಮೊದಲ ಬಾರಿ ಒಂದು ಮಾತಿಗೆ ಎದುರುತ್ತರ ಕೊಡದೆ ಬಿಟ್ಟೆ. ಮುಂಚಕ್ರ ಏರಿತು, ಬೆನ್ನು ಆಸರೆಗೆ ಒತ್ತಿತು, ಇಳಿಯಿತು. ಆಮೇಲೆ ಹಿಂದಿನ ಎರಡೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಪಟ್ಟಿ ಬಿಗಿಯಾಗಿತ್ತು, ಭುಜ ಅಲುಗಲಿಲ್ಲ. ದೊಡ್ಡ ಮಗ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನು ಕೇಳಿದ್ದು ಇಷ್ಟೇ ಅಂತೆ: "ಆ ಮೊಳೆ ಕೆಳಗೆ ಹೊಡೆದವರು ಯಾರು?"

ಆದ್ದರಿಂದ ದೂರು ಕೊಡಲು ಕುಳಿತವಳು ತಮ್ಮನ್ನು ಹೊಗಳಿಯೇ ಮುಗಿಸಬೇಕಾಗಿದೆ. ಈ ಬೀದಿಯಲ್ಲಿ ನನಗೆ "ಪಾಪ" ಎನ್ನದವರು ತಾವೊಬ್ಬರೇ. ಲಾರಿಗೆ ಎಷ್ಟು ಎತ್ತರವೋ ನನಗೂ ಅಷ್ಟೇ ಎತ್ತರ ನಿಂತಿರಿ. ಆದರೂ ಕೆಲವು ಸಣ್ಣ ಕೋರಿಕೆಗಳಿವೆ. ತಾವು ಬಿಡುವು ಮಾಡಿಕೊಂಡು ಮಗ್ಗುಲಾಗಿ, ಚರಂಡಿಯವರೆಗೆ ಕೈ ಚಾಚಿ ಆ ಸಂದಿಯನ್ನು ಮುಚ್ಚಬೇಕು. ಅದಾಗದಿದ್ದರೆ ಎದ್ದು ಹೋಗಿ, ತಮ್ಮನ್ನು ಅರ್ಧಕ್ಕೆ ಬಿಟ್ಟ ಎಂಜಿನಿಯರರ ಮನೆಯ ಮೆಟ್ಟಿಲ ಮುಂದೆ ಒಂದು ವಾರ ಮಲಗಿ ಬರಬೇಕು. ಮೈಮೇಲೆ ಬಿಳಿ ಪಟ್ಟೆಯಿಲ್ಲದೆ ಬೀದಿಯಲ್ಲಿ ಮಲಗುವುದು ತಮ್ಮ ಘನತೆಗೆ ತಕ್ಕದ್ದಲ್ಲ. ನಮ್ಮ ಕೋಣೆಗೆ ಬಂದರೆ ಅಳತೆ ತೆಗೆದು ಪಟ್ಟೆಯ ನಿಲುವಂಗಿಯೊಂದನ್ನು ಹೊಲಿದು ಕೊಡುತ್ತೇನೆ. ಸುತ್ತಳತೆಯ ಬಗ್ಗೆ ಸಂಕೋಚ ಬೇಡ, ಇದಕ್ಕಿಂತ ದೊಡ್ಡ ಹೊಟ್ಟೆಗಳನ್ನು ಕಂಡಿದ್ದೇನೆ.

ನಾಳೆಯೂ ತಮ್ಮ ನಡುಬೆನ್ನಿನ ಮೇಲೆಯೇ ಹಾದುಹೋಗುವ

ತಮ್ಮ ವಿಶ್ವಾಸಿ,
ಎದುರು ಮನೆಯ ಮೂರು ಚಕ್ರದವಳು

ಮರೆತಿದ್ದೆ: ಮೊನ್ನೆ ದೊಡ್ಡ ಮಗ ಎಂದಿನಂತೆ ತಮ್ಮ ಪಕ್ಕದ ಸಂದಿಯಲ್ಲಿ ನುಸುಳಲು ಹೋಗಿ ಮರಳಿನ ಮೇಲೆ ಜಾರಿ ಬಿದ್ದ. ಕಾಲು ಊರಬೇಕಿತ್ತು ಎಂದು ಅಂಗಡಿಯ ಹುಡುಗ ಅವನಿಗೂ ಹೇಳಿದನಂತೆ, ಊರಿಯೇ ಬಿದ್ದದ್ದಂತೆ. ಸೊಂಟ ಉಳುಕಿದೆ, ವಾಸಿಯಾಗುವ ತನಕ ಬಗ್ಗಬಾರದು ಎಂದು ವೈದ್ಯರು ಹೇಳಿದ್ದಾರೆ. ಅವನ ಕ್ಷೇಮಕ್ಕಾಗಿ, ಬರೀ ಪ್ರೀತಿಯಿಂದ, ಅವನ ಬೈಕಿನ ಕೀಲಿಯನ್ನು ನೆಲದಿಂದ ಒಂದು ಗೇಣು ಎತ್ತರದ ಮೊಳೆಗೆ ತೂಗುಹಾಕಿಸಿದ್ದೇನೆ. ಮೊಳೆ ಹೊಡೆದವಳು ಸೊಸೆ.