ಕೋಟಾ ಎಷ್ಟು ಉಳಿದೈತಿ?

ಮನೆಗೆ ಬೀಗ ಹಾಕಿ ಸ್ವಲ್ಪ ದೂರ ಹೋದವರು ಮತ್ತೆ ಬಂದು ಬೀಗ ಜಗ್ಗಿ ನೋಡುತ್ತಾರಲ್ಲ, ನಾನು ಆ ಪಂಗಡದವನು. ಚಿಕ್ಕವನಿದ್ದಾಗ ಹಿತ್ತಲಲ್ಲಿ ತೊಗರಿ ಬೀಜ ಊರಿ, ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಕೆದರಿ ನೋಡುತ್ತಿದ್ದೆ. ಒಂದೂ ಮೇಲೆ ಬರಲಿಲ್ಲ. "ಬೀಜಾನ ಹುಳಕ ಅದಾವ" ಎಂದು ಅವ್ವನಿಗೆ ದೂರು ಕೊಟ್ಟೆ. ಅವ್ವ ನನ್ನ ಉಗುರಿನ ಮಣ್ಣು ನೋಡಿ ನಕ್ಕಳು. ಬೆಳೆಯುತ್ತ ಈ ಚಾಳಿ ಹೋಯಿತೆಂದುಕೊಂಡಿದ್ದೆ. ಹೋಗಿರಲಿಲ್ಲ, ಕಂಪ್ಯೂಟರ್ ಕಲಿತಿತ್ತು ಅಷ್ಟೇ.

ಸಿಂದಗಿಯಲ್ಲಿ ನನ್ನ ಅಕ್ಕ ಮಹಾದೇವಿ ಸಣ್ಣ ಅಂಗಡಿ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಮದುವೆ ದಿನಗಳು ಬಂದವೆಂದರೆ ಅವಳ ಒಂದು ಕೈ ಮಷಿನ್ ಮೇಲೆ, ಇನ್ನೊಂದು ಫೋನಿನ ಮೇಲೆ. "ನಮ್ಮ ಬ್ಲೌಸ್ ಆತೇನವಾ?" ಎಂದು ಕೇಳುವವರಿಗೆಲ್ಲ ಉತ್ತರ ಹೇಳುತ್ತ ಕೂತರೆ ಬ್ಲೌಸ್ ಆಗುವುದು ಹೇಗೆ? ಆಗ ನಾನು ಮುಂದೆ ಬಂದೆ. ಯಾವ ಕಾಲೇಜೂ ಕಲಿಸದ್ದನ್ನು ವಿಡಿಯೋ ನೋಡಿ ನೋಡಿಯೇ ಕಲಿತವನು ನಾನು. ಗಿರಾಕಿಗಳು ಮೆಸೇಜ್ ಕಳಿಸಿದರೆ ಅಕ್ಕನ ಬದಲು ಉತ್ತರಿಸುವ ಸಹಾಯಕಿಯೊಬ್ಬಳನ್ನು ಅವಳ ಮೊಬೈಲಿನಲ್ಲಿ ಕೂರಿಸಿದೆ. ಬುದ್ಧಿ ಮಾತ್ರ ಎಲ್ಲೋ ದೂರದ ಕಂಪನಿಯದು. ಅದನ್ನು ಬಳಸಲು ಅವರು ಎಪಿಐ ಕೀ ಎಂಬ ಉದ್ದನೆಯ ಗುಟ್ಟಿನ ಅಕ್ಷರಗಳನ್ನು ಕೊಡುತ್ತಾರೆ. ಪುಕ್ಕಟೆ ಕೀ ಆದರೆ ದಿನಕ್ಕೆ ಇಂತಿಷ್ಟೇ ಪ್ರಶ್ನೆ ಎಂಬ ಕೋಟಾ ಇರುತ್ತದೆ. ಥೇಟ್ ನಮ್ಮ ಓಣಿಯ ನಳ: ಬಿಟ್ಟಾಗ ತುಂಬಿಕೊಳ್ಳಬೇಕು, ನಿಂತಿತೆಂದರೆ ಮರುದಿನದವರೆಗೆ ಖಾಲಿ ಕೊಡ ನೋಡುತ್ತ ಕೂರಬೇಕು.

ಎರಡು ದಿನ ಅಕ್ಕ ನಾನು ಕೇಳದೆಯೇ ಚಹಾ ಕೊಟ್ಟಳು. ಮೂರನೇ ದಿನ ಮಧ್ಯಾಹ್ನಕ್ಕೇ ಸಹಾಯಕಿ ಮೂಕಿಯಾದಳು. ಫೋನು ಮತ್ತೆ ಬಡಿದುಕೊಳ್ಳತೊಡಗಿತು.

"ಏ ಮಲ್ಲ್ಯಾ, ನಿನ್ನ ಯಂತ್ರಾ ಉಂಡು ಮಲಗೇತೇನು?" ಅಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು. "ಆಲಮೇಲದ ಮದುವಿ ಬ್ಲೌಸ್ ಸೋಮವಾರ ಕೊಡಬೇಕು. ನಾಳೆನೂ ಹಿಂಗಾತಂದ್ರ ಅದನ್ನ ತಗದು ಒಗೀತೇನಿ ನೋಡು."

ನಾನು ಕಟ್ಟಿದ್ದನ್ನು ನಿಜವಾಗಿ ಬಳಸುತ್ತಿದ್ದ ಮೊದಲ ವ್ಯಕ್ತಿ ಅಕ್ಕ. ಸ್ವಂತ ಅಕ್ಕನೇ ಕಿತ್ತೊಗೆದರೆ ಊರಲ್ಲಿ ಇನ್ನಾರು ಮೂಸಿ ನೋಡುತ್ತಾರೆ?

ಕೋಟಾದ ಮೇಲೆ ಕಣ್ಣಿಡಲು ನನ್ನ ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನವಷ್ಟೇ ಒಂದು ಏಜೆಂಟ್ ಹಾಕಿಕೊಂಡಿದ್ದೆ. ಏಜೆಂಟ್ ಎಂದರೆ ವಿಮೆ ಮಾಡಿಸುವವನಲ್ಲ; ಬಾಯಿಮಾತಲ್ಲಿ ಹೇಳಿದ ಕೆಲಸ ಮಾಡಿಕೊಡುವ ಕಂಪ್ಯೂಟರ್ ಆಳು. ಬೇರೆ ಕೀ ತರಲು ಬೇಸರವಾಗಿ ಇದ್ದ ಕೀಯನ್ನೇ ಅದಕ್ಕೂ ಕೊಟ್ಟಿದ್ದೆ. ಈಗ ಏಜೆಂಟೂ ಮಾತು ನಿಲ್ಲಿಸಿದ್ದರಿಂದ, ಕೋಟಾ ತಿಂದವರು ಯಾರೆಂದು ನೋಡಲು ನಾನೇ ಗಿರಾಕಿಗಳ ಮೆಸೇಜುಗಳನ್ನು ತೆಗೆದು ಓದತೊಡಗಿದೆ. ಕಳ್ಳಿ ಸಿಕ್ಕೇಬಿಟ್ಟಳು ಅನಿಸಿತು: ಆಲಮೇಲದ ನೂರಜಾನ್ ಚಾಚಿ, ಅಕ್ಕನ ಹಳೆಯ ಗಿರಾಕಿ. "ಆರಾಮ ಅದಿಯೇನವಾ?" ಒಂದು ಮೆಸೇಜ್. "ಮಳಿ ಆತೇನು ಆ ಕಡೆ?" ಇನ್ನೊಂದು. "ಊಟ ಆತ?" ಮತ್ತೊಂದು. "ನಾನು ಊಟ ಮಾಡುವುದಿಲ್ಲ" ಎಂದು ನನ್ನ ಸಹಾಯಕಿ ಪ್ರಾಮಾಣಿಕವಾಗಿ ಹೇಳಿದ್ದಳು. ಚಾಚಿಗೆ ಗಾಬರಿ: "ಯಾಕವಾ, ಉಪಾಸ ಐತೇನು? ಮಷಿನ್ ತುಳಿಯಾಕಿ ಹಂಗ ಹಸದಿರಬಾರದು." ಬ್ಲೌಸಿನ ಮಾತು ಬರುವಷ್ಟರಲ್ಲಿ ಕೋಟಾದ ನಳ ನಿಂತಿತ್ತು.

ಚಾಚಿಗೆ ಫೋನ್ ಮಾಡಿ, "ಚಾಚಿ, ಸೀದಾ ಬ್ಲೌಸಿಂದಷ್ಟ ಕೇಳ್ರಿ" ಎಂದೆ.

"ಮನಷ್ಯಾರನ್ನ ಮಾತಾಡಸದ ಬಟ್ಟಿ ಬಗ್ಗಿ ಕೇಳ್ಲೇನೋ ಬೇಟಾ? ನಮ್ಮ ಮನ್ಯಾಗ ಹಂಗ ಕಲಿಸಿಲ್ಲ."

"ಅದು ಮನಷ್ಯಾರಲ್ರಿ, ಯಂತ್ರ."

"ಯಂತ್ರ ಇದ್ರ ಏನಾತು? ಉತ್ತರಾ ಕೊಡತೈತೋ ಇಲ್ಲೋ?"

ಮರುದಿನ ಕೋಟಾ ತುಂಬಿದ ಕೂಡಲೇ, ಚಾಚಿಯ ತಪ್ಪಿಗೆ ಪುರಾವೆ ಬೇಕೆಂದು, ಯಾರು ಯಾರು ಎಷ್ಟು ಬಳಸಿದ್ದಾರೆ ತೋರಿಸು ಎಂದು ಏಜೆಂಟಿಗೆ ಹೇಳಿದೆ. ಅದು ಬಹಳ ವಿನಯದಿಂದ ತೋರಿಸಿತು. ಚಾಚಿಯ ಕುಶಲೋಪರಿ ಚಿಟಿಕೆಯಷ್ಟು. ಉಳಿದ ಗಿರಾಕಿಗಳು ಹಿಡಿಯಷ್ಟು. ಮಿಕ್ಕ ಚೀಲದಷ್ಟನ್ನೂ ತಿಂದದ್ದು ಒಂದೇ ಪ್ರಶ್ನೆ: "ಕೋಟಾ ಎಷ್ಟು ಉಳಿದೈತಿ?" ಕೇಳಿದವನು ನಾನು. ನಾನು ಕೇಳುವುದು ಸಾಲದೆಂದು, ಆಗಾಗ ನೀನೇ ನೋಡಿ ಹೇಳುತ್ತಿರು ಎಂದು ಏಜೆಂಟಿಗೂ ಅಪ್ಪಣೆ ಮಾಡಿದ್ದೆ. ಪ್ರತಿ ಸಲ ನೋಡುವುದಕ್ಕೂ ಅದೇ ಕೀ, ಅದೇ ಕೋಟಾ. ಮೊಳಕೆ ನೋಡುವ ನೆಪದಲ್ಲಿ ಮತ್ತೆ ಬೀಜ ಕಿತ್ತಿದ್ದೆ.

ಏಜೆಂಟಿನ ಕಾವಲು ಬಿಡಿಸಿದೆ. ಉಳಿದ ಕೋಟಾವನ್ನು ಕಂಪನಿಯ ಪುಟದಲ್ಲೇ ನೋಡಬಹುದಂತೆ, ಅದಕ್ಕೆ ಕೋಟಾ ಖರ್ಚಾಗುವುದಿಲ್ಲವಂತೆ. ನನ್ನ ವಿಡಿಯೋ ಗುರುಗಳು ಅಲ್ಲಿಯತನಕ ಬಂದಿರಲಿಲ್ಲ. ಚಾಚಿಗೆ ಫೋನ್ ಮಾಡಿ, "ನಿಮಗ ಹೆಂಗ ಬೇಕೋ ಹಂಗ ಮಾತಾಡ್ರಿ ಚಾಚಿ" ಎಂದೆ. "ನೀ ಉಂಡಿಯೇನು ಮೊದಲ ಹೇಳು" ಎಂದರು.

ಅಂದು ಮಧ್ಯಾಹ್ನ ದಾಟಿತು, ಸಹಾಯಕಿ ಎಚ್ಚರವಾಗಿದ್ದಳು. ಸಂಜೆಯಾಯಿತು, ಆಗಲೂ ಉತ್ತರಿಸುತ್ತಿದ್ದಳು. ಅಂಗಡಿಯಲ್ಲಿ ಕೇಳುತ್ತಿದ್ದದ್ದು ಮಷಿನ್ ಸದ್ದು ಮಾತ್ರ. ಆಲಮೇಲದ ಬ್ಲೌಸುಗಳು ಒಂದೊಂದಾಗಿ ಹ್ಯಾಂಗರಿಗೆ ಏರುತ್ತಿದ್ದವು. ಹಿಗ್ಗು ತಡೆಯಲಾರದೆ ಬಾಗಿಲಲ್ಲಿ ನಿಂತು ಕೇಳಿದೆ, "ಅಕ್ಕಾ, ಛಲೋ ನಡದೈತೇನು?"

ಅಕ್ಕ ತಲೆ ಎತ್ತಲಿಲ್ಲ. "ಅದು ಸುಮ್ಮನ ತನ್ನ ಕೆಲಸಾ ಮಾಡಾಕತ್ತೈತಿ, ಇರಲಿ ಬಿಡು. ಮುಂಜಾನಿಂದ ಇದನ್ನ ಕೇಳಿ ಕೇಳಿ ನಿನ್ನ ಕೋಟಾನ ಮುಗದೈತಿ. ಮನಿಗಿ ನಡಿ."

ನಡೆದೆ. ಹೋಗುವಾಗ ಕಿಟಕಿಯಿಂದ ಒಮ್ಮೆ ಇಣುಕಿದೆ, ನಿಜ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.